ಎಂಜಿನ್, ಗೇರ್‌ಬಾಕ್ಸ್ ಇಳಿಸುವಿಕೆ: ಸ್ಪೋರ್ಟ್ಸ್ ಕಾರಿನಿಂದ ಮೇಡ್ಲೇರಿಯ ಟ್ರ್ಯಾಕ್ಟರಿನವರೆಗೆ

ಮೋಟಾರು ವಾಹನದ ಎಂಜಿನ್ನನ್ನೂ ಅದರ ಬೆನ್ನಿಗಿರುವ ಗೇರ್‌ಬಾಕ್ಸನ್ನೂ ಒಟ್ಟಿಗೆ, ಇಲ್ಲವೇ ಒಂದರಿಂದ ಒಂದನ್ನು ಬಿಡಿಸಿ, ವಾಹನದಿಂದ ಹೊರತೆಗೆಯುವ ಗ್ಯಾರೇಜ್ ಕೆಲಸ. ಕ್ಲಚ್ ಪ್ಲೇಟ್ ಸವೆದಾಗ, ಎಂಜಿನ್ ಬೋರಿಗೆ ಬಂದಾಗ, ಕ್ರ್ಯಾಂಕ್ ಶಾಫ್ಟಿನ ಹಿಂದಿನ ಆಯಿಲ್ ಸೀಲ್ ಸೋರತೊಡಗಿದಾಗ, ಗೇರಿನ ಹಲ್ಲು ಮುರಿದಾಗ ಈ ಕೆಲಸ ಮಾಡದೆ ವಿಧಿಯಿಲ್ಲ. ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಸಾಕುವವರ ಜಗತ್ತಿನಲ್ಲಿ ಇದೊಂದು ದೊಡ್ಡ ಘಟನೆ. ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಂಥ ಹೋಬಳಿ ಊರಿನಲ್ಲಿ ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು ಹುಡುಕಿದರೂ ಸಿಗಲಿಕ್ಕಿಲ್ಲ. ಆದರೆ ಎಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಇನ್ನೊಂದು ಕಡೆ ಮಾಡಿಟ್ಟ ವಾಹನ ಅಲ್ಲಿ ಯಾರಿಗೂ ಹೊಸದಲ್ಲ. ಅದು ಟ್ರ್ಯಾಕ್ಟರ್. ಕಾರು ಮತ್ತು ಟ್ರ್ಯಾಕ್ಟರನ್ನು ಈ ಲೇಖನ ಒಂದೇ ಕಡೆ ಇಟ್ಟು ನೋಡುತ್ತದೆ. ಕೆಲಸದ ರೀತಿಯನ್ನು ನಿರ್ಧರಿಸುವುದು ವಾಹನದ ಬೆಲೆಯೂ ಅಲ್ಲ, ವೇಗವೂ ಅಲ್ಲ. ಅದರ ಮೈಕಟ್ಟು ಹೇಗಿದೆ, ಭಾರವನ್ನು ಯಾವುದು ಹೊತ್ತಿದೆ ಎಂಬುದಷ್ಟೇ.

ಒಂದೇ ಬಳಗ

ಟ್ರ್ಯಾಕ್ಟರಿಗೂ ಸ್ಪೋರ್ಟ್ಸ್ ಕಾರಿಗೂ ಇರುವ ನಂಟು ಹೊರನೋಟಕ್ಕೆ ಕಾಣುವುದಕ್ಕಿಂತ ಹತ್ತಿರದ್ದು. 1946ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಯು ಹ್ಯಾರಿ ಫರ್ಗ್ಯುಸನ್ ಅವರಿಗಾಗಿ ಟಿಇ20 ಎಂಬ ಬೂದುಬಣ್ಣದ ಚಿಕ್ಕ ಟ್ರ್ಯಾಕ್ಟರ್ ತಯಾರಿಸತೊಡಗಿತು. ಮೊದಮೊದಲು ಅದಕ್ಕೆ ಅಮೆರಿಕದ ಕಾಂಟಿನೆಂಟಲ್ ಎಂಜಿನ್ ಇತ್ತು. ಆಮೇಲೆ ಸ್ಟ್ಯಾಂಡರ್ಡ್ ತನ್ನದೇ ನಾಲ್ಕು ಸಿಲಿಂಡರಿನ, ಲೈನರ್ ಕಿತ್ತು ಹೊಸದು ಹಾಕಬಹುದಾದ ಎಂಜಿನ್ನನ್ನು ಕೂರಿಸಿತು. ಅದೇ ವಂಶದ ಎಂಜಿನ್ ವ್ಯಾನ್‌ಗಾರ್ಡ್ ಕಾರಿಗೆ ಬಂತು, ಮಾರ್ಗನ್ ಪ್ಲಸ್ ಫೋರ್‌ಗೆ ಬಂತು, 1953ರಲ್ಲಿ 1,991 ಸಿಸಿ ಅಳತೆಯಲ್ಲಿ ಟ್ರಯಂಫ್ ಟಿಆರ್2 ಸ್ಪೋರ್ಟ್ಸ್ ಕಾರಿಗೂ ಬಂತು. ಫರ್ಗ್ಯುಸನ್ ಮುಂದೆ ಕೆನಡಾದ ಮ್ಯಾಸಿ-ಹ್ಯಾರಿಸ್ ಜೊತೆ ಸೇರಿ ಮ್ಯಾಸಿ ಫರ್ಗ್ಯುಸನ್ ಆಯಿತು. ಅದರ ಎಂಎಫ್ 35 ಮಾದರಿಯ ಕುಲದ್ದೇ ಚೆನ್ನೈನ ಟಾಫೆ ತಯಾರಿಸುವ ಕೆಂಪು 1035. ರಾಣೆಬೆನ್ನೂರಿನ ಬೀಜದಂಗಡಿಗಳ ಮುಂದೆಯೋ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿಯೋ ಟ್ರಾಲಿ ಕಟ್ಟಿಕೊಂಡು ನಿಂತ ಈ ಟ್ರ್ಯಾಕ್ಟರ್ ಹೀಗೆ ಸುತ್ತುಬಳಸಿ ಒಂದು ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನ ದಾಯಾದಿ. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ನಮ್ಮಲ್ಲಿ ವ್ಯಾನ್‌ಗಾರ್ಡ್, ಹೆರಾಲ್ಡ್ ಕಾರುಗಳನ್ನು ಜೋಡಿಸಿ ಮಾರಿದ್ದೂ ಇದೇ ಬಳಗದ ಕಥೆ.

ಇನ್ನೊಂದು ನಂಟು ಅಂಬಾಸಿಡರ್‌ನದು. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1957ರಿಂದ 2014ರವರೆಗೆ ತಯಾರಾದ ಈ ಕಾರಿಗೆ ಬಹುಕಾಲ ಬಿಎಂಸಿ ಕಂಪನಿಯ ಬಿ ಸರಣಿಯ 1,489 ಸಿಸಿ ಪೆಟ್ರೋಲ್ ಎಂಜಿನ್ ಇತ್ತು. 1955ರಲ್ಲಿ ಬಂದ ಎಂಜಿಎ ಸ್ಪೋರ್ಟ್ಸ್ ಕಾರಿಗೂ ಅದೇ 1,489 ಸಿಸಿ ಎಂಜಿನ್. ಎಂಜಿಎಗೆ ಎರಡು ಕಾರ್ಬುರೇಟರ್ ಕೊಟ್ಟು ಹುರುಪು ತುಂಬಿದ್ದರು. ಅದರ ನಂತರದ ಎಂಜಿಬಿಯದು (1962) ಇದೇ ಎಂಜಿನ್ನಿನ 1,798 ಸಿಸಿಗೆ ಹಿಗ್ಗಿಸಿದ ರೂಪ. ತಾಲ್ಲೂಕು ಕೇಂದ್ರದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಿಂತಿದ್ದ ಅಂಬಾಸಿಡರ್‌ಗಳ ಎಂಜಿನ್ ಇಳಿಸಿ ಕೈ ಪಳಗಿದ ಮೇಸ್ತ್ರಿಯ ಮುಂದೆ ಎಂಜಿಬಿ ತಂದು ನಿಲ್ಲಿಸಿದರೆ ಆತ ತಡವರಿಸಬೇಕಾದದ್ದು ಕಡಿಮೆ. ಇಟಲಿಯಲ್ಲಂತೂ ಫೆರುಚ್ಚೊ ಲ್ಯಾಂಬೊರ್ಗಿನಿ 1948ರಲ್ಲಿ ಯುದ್ಧದಲ್ಲಿ ಉಳಿದ ಬಿಡಿಭಾಗಗಳಿಂದ ಟ್ರ್ಯಾಕ್ಟರ್ ಮಾಡಲು ಶುರುವಿಟ್ಟು 1963ರಲ್ಲಿ ಕಾರಿಗೆ ಇಳಿದವರು. ತಮ್ಮ ಫೆರಾರಿ ಕಾರಿನ ಕ್ಲಚ್ ಬಿಚ್ಚಿ ನೋಡಿದರೆ ಅದು ತಮ್ಮ ಟ್ರ್ಯಾಕ್ಟರಿಗೆ ಹಾಕುವ ಕ್ಲಚ್ಚೇ ಆಗಿತ್ತು ಎಂಬ ಕಥೆ ಅವರ ಹೆಸರಿನೊಡನೆ ಓಡಾಡುತ್ತದೆ. ಎಷ್ಟು ನಿಜವೋ, ಕೇಳಲು ಚೆನ್ನಾಗಿದೆ.

ಮೇಲಕ್ಕೆ, ಕೆಳಕ್ಕೆ, ಇಲ್ಲವೇ ಎರಡು ಹೋಳು

ಎಂಜಿನ್ ಹೊರಬರುವ ದಾರಿ ಮೂರೇ. ಮುಂದೆ ಎಂಜಿನ್, ಹಿಂದಿನ ಗಾಲಿಗೆ ಎಳೆತ ಇರುವ ಹಳೆಯ ಕಾರುಗಳಲ್ಲಿ, ಅಂದರೆ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಎಂಜಿಬಿ, ಟ್ರಯಂಫ್‌ಗಳಲ್ಲಿ, ಬಾನೆಟ್ ಕಳಚಿ ಚೈನ್ ಬ್ಲಾಕಿನಿಂದ ಮೇಲಕ್ಕೆ ಎತ್ತುತ್ತಾರೆ. ಹೆರಾಲ್ಡ್ ಮತ್ತು ಅದೇ ಚಾಸಿಸ್ ಮೇಲೆ ಕಟ್ಟಿದ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರಿನಲ್ಲಿ ಬಾನೆಟ್ಟೂ ಮಡ್‌ಗಾರ್ಡುಗಳೂ ಒಂದೇ ತುಂಡು. ಅದು ಮುಂದಕ್ಕೆ ಮಗುಚಿಕೊಳ್ಳುವುದರಿಂದ ಎಂಜಿನ್ ಮೂರು ಕಡೆಯಿಂದ ಕೈಗೆ ಸಿಗುತ್ತದೆ. ಮೇಲಾಗಿ ಗೇರ್‌ಬಾಕ್ಸಿನ ಮೇಲಿನ ಮುಚ್ಚಳಿಕೆಯನ್ನು ಕ್ಯಾಬಿನ್ ಒಳಗಿನಿಂದಲೇ ತೆಗೆದು ಗೇರ್‌ಬಾಕ್ಸ್ ಒಂದನ್ನೇ ಸೀಟಿನ ಕಡೆಯಿಂದ ಹೊರತೆಗೆಯಬಹುದು. ಮೆಕ್ಯಾನಿಕ್ ಬಗ್ಗೆ ಕರುಣೆ ಇಟ್ಟು ಕಟ್ಟಿದ ಕಾರುಗಳ ಪಟ್ಟಿ ಮಾಡಿದರೆ ಹೆರಾಲ್ಡ್‌ಗೆ ಮೊದಲ ಸಾಲಿನಲ್ಲಿ ಜಾಗ ಸಲ್ಲಬೇಕು.

ಹಿಂದೆ ಎಂಜಿನ್ ಇರುವ ಪೋರ್ಷೆ 911ರಲ್ಲಿ ದಾರಿ ಕೆಳಕ್ಕೆ. ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಜಾಕ್ ಮೇಲೆ ಒಟ್ಟಿಗೆ ಇಳಿಸಿ, ಕಾರಿನ ಹಿಂಭಾಗವನ್ನು ಸಾಕಷ್ಟು ಮೇಲೆತ್ತಿ, ಜೋಡಿಯನ್ನು ಬಂಪರ್ ಕೆಳಗಿನಿಂದ ಹೊರಕ್ಕೆ ಎಳೆಯುತ್ತಾರೆ. ಅದರ ಹಿರಿಯನಾದ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಎಂಜಿನ್ನನ್ನು ಗೇರ್‌ಬಾಕ್ಸಿಗೆ ಹಿಡಿದಿಟ್ಟಿರುವುದು ನಾಲ್ಕೇ ಬೋಲ್ಟು. ಗಾಳಿಯಿಂದ ತಣಿಯುವ ಎಂಜಿನ್ ಆದ್ದರಿಂದ ರೇಡಿಯೇಟರಿನ ಗೊಡವೆಯೂ ಇಲ್ಲ. ನಮ್ಮ ಮಾರುತಿ ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟುಗಳ ಅಡಿಯಲ್ಲಿದೆ. ಅದನ್ನೂ ಕೆಳಕ್ಕೇ ಇಳಿಸಬೇಕು. ಎಂಜಿನ್ ಅಡ್ಡ ಕೂತ ಕಾರುಗಳಲ್ಲಿ ಜಾಗದ ತಾಪತ್ರಯ ಹೆಚ್ಚು. 1959ರ ಮಿನಿಯಲ್ಲಿ ಗೇರ್‌ಬಾಕ್ಸ್ ಎಂಜಿನ್ನಿನ ಹೊಟ್ಟೆಯಡಿ, ಆಯಿಲ್ ಸಂಪಿನಲ್ಲೇ ಇದೆ. ಎರಡನ್ನೂ ಒಟ್ಟಿಗೆ ತೆಗೆಯದೆ ದಾರಿಯಿಲ್ಲ. 1966ರ ಲ್ಯಾಂಬೊರ್ಗಿನಿ ಮಿಯುರಾದಲ್ಲಿ ಹನ್ನೆರಡು ಸಿಲಿಂಡರಿನ ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಎರಕದ ಒಳಗಿವೆ. ಬೆಂಗಳೂರಿನ ಸ್ಯಾನ್ ಬಳಗ 1990ರ ದಶಕದ ಕೊನೆಗೆ ಹೊರತಂದ ಸ್ಯಾನ್ ಸ್ಟಾರ್ಮ್ ಎಂಬ ಫೈಬರ್ ಮೈಯ ಎರಡು ಸೀಟಿನ ಕಾರಿನಲ್ಲೂ ರೆನೋ ಎಂಜಿನ್ ಮುಂದೆ ಇದ್ದು ಮುಂದಿನ ಗಾಲಿಗಳನ್ನೇ ಎಳೆಯುತ್ತದೆ. ಕರ್ನಾಟಕದವರು ತಮ್ಮದೆನ್ನಬಹುದಾದ ಸ್ಪೋರ್ಟ್ಸ್ ಕಾರು ಬಹುಶಃ ಅದೊಂದೇ.

ಮೂರನೆಯ ದಾರಿಯಲ್ಲಿ ಎಂಜಿನ್ ಮೇಲಕ್ಕೂ ಹೋಗುವುದಿಲ್ಲ, ಕೆಳಕ್ಕೂ ಬರುವುದಿಲ್ಲ. ವಾಹನವೇ ಎರಡು ಹೋಳಾಗುತ್ತದೆ. 1917ರಲ್ಲಿ ಹೆನ್ರಿ ಫೋರ್ಡ್ ಹೊರತಂದ ಫೋರ್ಡ್‌ಸನ್ ಟ್ರ್ಯಾಕ್ಟರಿನಲ್ಲಿ ಚಾಸಿಸ್ ಎಂಬ ಉಕ್ಕಿನ ಚೌಕಟ್ಟೇ ಇರಲಿಲ್ಲ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಇವುಗಳ ಎರಕದ ಕವಚಗಳನ್ನೇ ಒಂದಕ್ಕೊಂದು ಬೋಲ್ಟ್ ಮಾಡಿ ಬೆನ್ನೆಲುಬಾಗಿಸಿದ್ದರು. ನಮ್ಮ ಹಳ್ಳಿಗಳಲ್ಲಿ ಓಡಾಡುವ ಟ್ರ್ಯಾಕ್ಟರುಗಳು ಹೆಚ್ಚುಕಡಿಮೆ ಎಲ್ಲವೂ ಈ ಕಟ್ಟಿನವೇ. ಅರ್ಧ ಶತಮಾನ ಕಳೆದು ಇದೇ ಉಪಾಯ ರೇಸ್ ಕಾರಿಗೂ ಬಂತು. 1967ರ ಲೋಟಸ್ 49ರಲ್ಲಿ ಕಾಸ್‌ವರ್ತ್ ಡಿಎಫ್‌ವಿ ಎಂಜಿನ್ನನ್ನು ಚಾಲಕನ ಬೆನ್ನ ಹಿಂದಿನ ಗೋಡೆಗೆ ನೇರ ಬೋಲ್ಟ್ ಮಾಡಿ, ಅದರ ಹಿಂದೆ ಗೇರ್‌ಬಾಕ್ಸ್ ಕೂರಿಸಿ, ಹಿಂದಿನ ಗಾಲಿಗಳ ಭಾರವನ್ನು ಇವೇ ಹೊರುವಂತೆ ಮಾಡಿದರು. ಆ ಕಾರು ಆಡಿದ ಮೊದಲ ರೇಸಿನಲ್ಲೇ, ಹಾಲೆಂಡಿನ ಝಾಂಡ್‌ವೂರ್ಟ್‌ನಲ್ಲಿ, ಜಿಮ್ ಕ್ಲಾರ್ಕ್ ಗೆದ್ದರು. ಅದರ ಎಂಜಿನ್ ಬಿಚ್ಚಬೇಕಾದರೆ ಕಾರಿನ ಹಿಂದಿನ ಅರ್ಧ ಗಾಲಿಸಮೇತ ಕಳಚಿಕೊಳ್ಳಬೇಕು. ಮೇಡ್ಲೇರಿಯ ಟ್ರ್ಯಾಕ್ಟರ್ ಮೇಸ್ತ್ರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಜೋಡಿಯಾಗಿಯೇ ಏಕೆ

ಮುಂದೆ ಎಂಜಿನ್ ಇರುವ ಕಾರುಗಳಲ್ಲಿ ಎಂಜಿನ್ ಒಂದನ್ನೇ ತೆಗೆದು ಗೇರ್‌ಬಾಕ್ಸನ್ನು ಅಲ್ಲಿಯೇ ಬಿಡುವುದೂ ಸಾಧ್ಯ. ಎತ್ತಬೇಕಾದ ಭಾರ ಕಡಿಮೆ, ಬಿಚ್ಚಬೇಕಾದ ಬೋಲ್ಟೂ ಕಡಿಮೆ ಎಂದು ಕೆಲವರು ಆ ದಾರಿ ಹಿಡಿಯುತ್ತಾರೆ. ತೊಂದರೆ ಎದುರಾಗುವುದು ಮರಳಿ ಕೂರಿಸುವಾಗ. ಗೇರ್‌ಬಾಕ್ಸಿನ ಮೂತಿಯಿಂದ ಹೊರಚಾಚಿದ ಇನ್‌ಪುಟ್ ಶಾಫ್ಟಿನ ಮೈಮೇಲೆ ಉದ್ದುದ್ದ ಹಲ್ಲುಗಳಿರುತ್ತವೆ. ಇವಕ್ಕೆ ಸ್ಪ್ಲೈನ್ ಎಂದು ಹೆಸರು. ಈ ಶಾಫ್ಟ್ ಮೊದಲು ರಿಲೀಸ್ ಬೇರಿಂಗ್ ದಾಟಬೇಕು, ಆಮೇಲೆ ಕ್ಲಚ್ ಪ್ಲೇಟಿನ ನಡುವಿನ ಹಲ್ಲುಗಳಿಗೆ ಕೂಡಿಕೊಳ್ಳಬೇಕು, ಕಡೆಗೆ ಫ್ಲೈವೀಲ್ ನಡುವಿನ ಪುಟ್ಟ ಪೈಲಟ್ ಬೇರಿಂಗ್ ಒಳಗೆ ತುದಿ ಇಡಬೇಕು. ಈ ಮೂರೂ ಒಂದೇ ಗೆರೆಯಲ್ಲಿ ಬರುವಷ್ಟರಲ್ಲಿ ಚೈನಿಗೆ ತೂಗುಬಿದ್ದ ಎಂಜಿನ್ ಅತ್ತಿತ್ತ ಓಲಾಡುತ್ತಿರುತ್ತದೆ, ಕೈ ಹೋಗಲು ಜಾಗವಿರುವುದಿಲ್ಲ.

ಆ ಗಡಿಬಿಡಿಯಲ್ಲಿ ಎಂಜಿನ್ನಿನದೋ ಗೇರ್‌ಬಾಕ್ಸಿನದೋ ಭಾರವನ್ನು ಅರೆಬರೆ ತೂರಿದ ಶಾಫ್ಟಿನ ಮೇಲೆ ಬಿಟ್ಟರೆ ಕ್ಲಚ್ ಪ್ಲೇಟಿನ ನಡುಭಾಗ ಸೊಟ್ಟಗಾಗುತ್ತದೆ. ಕಣ್ಣಿಗೆ ಕಾಣದಷ್ಟು ಸೊಟ್ಟವಾದರೂ ಸಾಕು, ಎಲ್ಲ ಜೋಡಿಸಿ ಗಾಡಿ ಹೊರಡಿಸಿದಾಗ ಕ್ಲಚ್ ನಡುಗುತ್ತದೆ, ಇಲ್ಲವೇ ಪೂರ್ತಿ ಬಿಡುವುದಿಲ್ಲ. ಮತ್ತೆ ಮೊದಲಿನಿಂದ ಬಿಚ್ಚಬೇಕು. ಜೋಡಿಯಾಗಿ ತೆಗೆದರೆ ಈ ಕೂಡಿಸುವ ಕೆಲಸವನ್ನು ಬೆಂಚಿನ ಮೇಲೆ, ಬೆಳಕಿನಲ್ಲಿ, ಎರಡನ್ನೂ ಸಮತಟ್ಟಾಗಿ ಇಟ್ಟು ಮಾಡಬಹುದು. ಹೆಚ್ಚು ಭಾರ ಎತ್ತುವ ಕಷ್ಟ ಒಮ್ಮೆ ಅನುಭವಿಸಿ ಮುಗಿಯುವಂಥದ್ದು. ಬಿ ಸರಣಿಯ ಎಂಜಿನ್ ಗೇರ್‌ಬಾಕ್ಸ್ ಸಮೇತ ಸುಮಾರು ಎರಡು ಕ್ವಿಂಟಲ್ ತೂಗುತ್ತದೆ. ಒಂದು ಟನ್ನಿನ ಚೈನ್ ಬ್ಲಾಕಿಗೆ ಅದು ಭಾರವೇ ಅಲ್ಲ.

ಕಾರಿನಲ್ಲಿ ಕೆಲಸದ ಕ್ರಮ

ಎಂಜಿಬಿಯೋ ಅಂಬಾಸಿಡರೋ, ಮೊದಲು ಬಿಚ್ಚಬೇಕಾದ್ದು ಬ್ಯಾಟರಿಯ ತಂತಿ. ಇದನ್ನು ಮರೆತವರು ಸ್ಟಾರ್ಟರಿನ ದಪ್ಪ ಕೇಬಲ್ಲಿಗೆ ಪಾನಾ ತಾಗಿಸಿ ಕಿಡಿ ಹಾರಿಸಿಕೊಂಡೇ ಕಲಿಯುತ್ತಾರೆ, ಹತ್ತಿರದಲ್ಲಿ ಪೆಟ್ರೋಲ್ ಪೈಪ್ ಬಿಚ್ಚಿಟ್ಟಿದ್ದರೆ ಕಲಿಯುವ ಅವಕಾಶವೂ ಇರುವುದಿಲ್ಲ. ಬಾನೆಟ್ ಕಳಚುವ ಮೊದಲು ಹಿಂಜಿನ ಸುತ್ತ ಗುರುತು ಗೀಚಿಟ್ಟರೆ ಮರಳಿ ಕೂರಿಸುವಾಗ ಸಂದುಗಳು ಸರಿಹೋಗುತ್ತವೆ. ರೇಡಿಯೇಟರ್ ನೀರು, ಎಂಜಿನ್ ಆಯಿಲ್, ಗೇರ್ ಆಯಿಲ್ ಬಸಿಯಬೇಕು. ರೇಡಿಯೇಟರ್, ಕಾರ್ಬುರೇಟರ್, ಸೈಲೆನ್ಸರಿನ ಮುಂಗೊಳವೆ, ಆಕ್ಸಿಲರೇಟರ್ ಕೇಬಲ್, ಡೈನಮೋ ತಂತಿ, ಆಯಿಲ್ ಪ್ರೆಶರ್ ಗೇಜಿನ ಪೈಪು, ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ತ್ ಪಟ್ಟಿ ಒಂದೊಂದಾಗಿ ಬಿಡಬೇಕು. ಈ ಅರ್ತ್ ಪಟ್ಟಿ ಎಲ್ಲರೂ ಮರೆಯುವ ವಸ್ತು. ಎಂಜಿನ್ ಗೇಣುದ್ದ ಮೇಲೆದ್ದು ಅಲ್ಲಿಯೇ ತಡೆದು ನಿಂತಾಗ ಹತ್ತರಲ್ಲಿ ಐದು ಸಲ ಕಾರಣ ಅದೇ.

ಗಾಡಿಯ ಕೆಳಗೆ ಪ್ರೊಪೆಲ್ಲರ್ ಶಾಫ್ಟ್, ಸ್ಪೀಡೋಮೀಟರ್ ಕೇಬಲ್, ಕ್ಲಚ್ಚಿನ ಸಲಾಕೆ ಅಥವಾ ಸಿಲಿಂಡರ್, ಗೇರ್‌ಬಾಕ್ಸ್ ಹೊತ್ತ ಅಡ್ಡಪಟ್ಟಿ ಇವೆ. ಪ್ರೊಪೆಲ್ಲರ್ ಶಾಫ್ಟಿನ ಫ್ಲ್ಯಾಂಜುಗಳಿಗೆ ಎದುರುಬದುರು ಗುರುತು ಹಾಕುವುದು ಒಳ್ಳೆಯ ಅಭ್ಯಾಸ. ತಿರುಗಿಸಿ ಕೂರಿಸಿದರೆ ವೇಗದಲ್ಲಿ ಅದುರು ಬರುವ ಸಂಭವವಿದೆ. ಬಿಚ್ಚಿದ ಬೋಲ್ಟುಗಳನ್ನು ಆಯಾ ತೂತಿಗೇ ಎರಡು ಸುತ್ತು ತಿರುಗಿಸಿ ಬಿಡುವುದು ಹಳೆಯ ಮೇಸ್ತ್ರಿಗಳ ಪದ್ಧತಿ. ಗೇರ್‌ಬಾಕ್ಸನ್ನು ಎಂಜಿನ್ನಿಗೆ ಕೂಡಿಸುವ ಬೆಲ್ ಹೌಸಿಂಗಿನ ಬೋಲ್ಟುಗಳು ಒಂದೇ ಉದ್ದದವಲ್ಲ, ಉದ್ದನೆಯದನ್ನು ಗಿಡ್ಡ ತೂತಿಗೆ ಹಾಕಿ ಬಿಗಿದರೆ ಎರಕ ಸೀಳುತ್ತದೆ. ತಂತಿಗಳಿಗೆ ಬಣ್ಣದ ದಾರ ಕಟ್ಟುತ್ತಿದ್ದ ಜಾಗಕ್ಕೆ ಈಗ ಮೊಬೈಲ್ ಫೋಟೊ ಬಂದಿದೆ.

ಎತ್ತುವ ಹೊತ್ತಿನಲ್ಲಿ ಜೋಡಿಯ ಮೂತಿ ಮೇಲಾಗಿ ಬಾಲ ಕೆಳಗಾಗಬೇಕು. ಗೇರ್‌ಬಾಕ್ಸ್ ಉದ್ದಕ್ಕೆ ಹಿಂದೆ ಸುರಂಗದೊಳಗೆ ಚಾಚಿಕೊಂಡಿರುವುದರಿಂದ ನೇರ ಎತ್ತಿದರೆ ಅದು ಡ್ಯಾಶ್‌ಬೋರ್ಡಿನ ಕೆಳಗೋಡೆಗೆ ಬಡಿಯುತ್ತದೆ. ಸರಪಳಿ ಕಟ್ಟುವ ಜಾಗ ಆರಿಸುವುದರಲ್ಲೇ ಕೌಶಲವಿದೆ. ಮುಂದೆ ಗಿಡ್ಡ, ಹಿಂದೆ ಉದ್ದ ಕಟ್ಟಿದರೆ ಬೇಕಾದ ಓರೆ ತಾನಾಗಿ ಬರುತ್ತದೆ. ಬಾಲ ಕೆಳಗಾದ ಕೂಡಲೆ ಶಾಫ್ಟ್ ಕಳಚಿದ ಬಾಯಿಂದ ಉಳಿದ ಗೇರ್ ಆಯಿಲ್ ಸುರಿಯುತ್ತದೆ. ಒಂದು ಪ್ಲಾಸ್ಟಿಕ್ ಚೀಲ ಕಟ್ಟಿದರೆ ನೆಲ ಉಳಿಯುತ್ತದೆ. ಚೈನ್ ಬ್ಲಾಕನ್ನು ಬೇವಿನ ಮರದ ಕೊಂಬೆಗೆ ತೂಗುಹಾಕುವುದು ಹಳ್ಳಿಗಳಲ್ಲಿ ಇವತ್ತಿಗೂ ಕಾಣುವ ನೋಟ. ಹಸಿ ಕೊಂಬೆ ಬಾಗಿದರೂ ತಡೆದೀತು, ಒಣಗಿದ ಕೊಂಬೆ ಮುನ್ಸೂಚನೆ ಕೊಡದೆ ಮುರಿಯುತ್ತದೆ. ಕಬ್ಬಿಣದ ಮೂರು ಕಾಲಿನ ಗಳ ಅಥವಾ ಗರ್ಡರ್ ಇದಕ್ಕಿಂತ ಎಷ್ಟೋ ವಾಸಿ. ಎಂಜಿನ್ ಮೇಲೆ ತೂಗುತ್ತಿರುವಾಗ ಅದರಡಿ ಮೈಯ ಯಾವ ಭಾಗವೂ ಇರಕೂಡದು.

ಮೇಡ್ಲೇರಿ ಸೀಮೆಯ ಟ್ರ್ಯಾಕ್ಟರ್

ಮೇಡ್ಲೇರಿಯ ಸುತ್ತ ಮೆಕ್ಕೆಜೋಳ, ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಬೆಳೆಯುವ ಹೊಲಗಳಿವೆ. ತುಂಗಭದ್ರೆಯ ದಂಡೆಯ ಕಡೆಗೂ ತುಂಗಾ ಮೇಲ್ದಂಡೆ ಕಾಲುವೆಯ ನೀರು ಬಂದ ಕಡೆಗೂ ಭತ್ತದ ಗದ್ದೆಗಳಿವೆ. ಟ್ರ್ಯಾಕ್ಟರಿನ ಕ್ಲಚ್ಚಿಗೆ ಇವೆರಡೂ ಎರಡು ಬಗೆಯ ಶತ್ರುಗಳು. ಗದ್ದೆಯಲ್ಲಿ ಕೇಜ್‌ವೀಲ್ ಕಟ್ಟಿ ಕೆಸರು ಮಾಡುವಾಗ ನೀರೂ ರಾಡಿಯೂ ಕ್ಲಚ್ ಹೌಸಿಂಗ್ ಒಳಗೆ ನುಗ್ಗುತ್ತವೆ. ಒಣಭೂಮಿಯ ಗಾಡಿಗಳು ಸುಗ್ಗಿಯಲ್ಲಿ ಟ್ರಾಲಿ ಎಳೆಯುತ್ತವೆ. ಜನವರಿಯಿಂದ ಬ್ಯಾಡಗಿ ಮಾರುಕಟ್ಟೆಯ ದಾರಿ ಮೆಣಸಿನಕಾಯಿ ಚೀಲದ ಟ್ರಾಲಿಗಳಿಂದ ತುಂಬಿರುತ್ತದೆ. ಸಾಲಿನಲ್ಲಿ ನಿಂತು ನಿಂತು ಸಾಗುವ ಆ ಓಡಾಟದಲ್ಲಿ ಚಾಲಕ ಕ್ಲಚ್ ಪೆಡಲಿನ ಮೇಲಿಂದ ಕಾಲು ತೆಗೆಯುವುದೇ ಇಲ್ಲ. ಹಾಫ್ ಕ್ಲಚ್ಚಿನಲ್ಲಿ ಪ್ಲೇಟ್ ಉಜ್ಜಿ ಉಜ್ಜಿ ಸವೆಯುತ್ತದೆ, ರಿಲೀಸ್ ಬೇರಿಂಗ್ ಕಿರುಗುಟ್ಟತೊಡಗುತ್ತದೆ. ತಿಳಿದ ರೈತರು ರೋಹಿಣಿ ಮಳೆಗೆ ಮುಂಚೆಯೇ ಟ್ರ್ಯಾಕ್ಟರನ್ನು ಗ್ಯಾರೇಜಿಗೆ ಬಿಡುತ್ತಾರೆ. ಉಳಿದವರು ಬಿತ್ತನೆಯ ನಡುವೆ ನಿಂತು ಹೋದ ಮೇಲೆ ಬರುತ್ತಾರೆ. ಆಗ ಬಿಚ್ಚುವ ಕೂಲಿಗಿಂತ ಹೋದ ಹದವೇ ದುಬಾರಿ.

ಟ್ರ್ಯಾಕ್ಟರ್ ಬಿಚ್ಚಲೇಬೇಕೇ ಎಂಬುದನ್ನು ಹೇಳಬಲ್ಲ ಒಂದು ಚಿಕ್ಕ ಜಾಗವಿದೆ. ಕ್ಲಚ್ ಹೌಸಿಂಗಿನ ತಳದಲ್ಲಿ ಒಂದು ತೂತು, ಅದರಲ್ಲಿ ಸಡಿಲವಾಗಿ ನೇತಾಡುವ ಒಂದು ಸ್ಪ್ಲಿಟ್ ಪಿನ್. ಗಾಡಿ ಅದುರಿದಂತೆ ಪಿನ್ನೂ ಅಲುಗಾಡಿ ತೂತು ಕಟ್ಟಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಒಳಗೆ ಏನೇ ಸೋರಿದರೂ ಇಲ್ಲಿಂದ ತೊಟ್ಟಿಕ್ಕುತ್ತದೆ. ತೊಟ್ಟು ಕಪ್ಪಗೆ ತೆಳ್ಳಗಿದ್ದರೆ ಅದು ಎಂಜಿನ್ ಆಯಿಲ್, ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದೆ. ದಪ್ಪಗೆ, ಗಂಧಕದ ಕಮಟು ಇದ್ದರೆ ಗೇರ್ ಆಯಿಲ್, ದೋಷ ಇನ್‌ಪುಟ್ ಶಾಫ್ಟಿನ ಸೀಲಿನದು. ಕೆಸರುನೀರು ಬಂದರೆ ಗದ್ದೆಗೆ ಇಳಿಯುವ ಮೊದಲು ಈ ತೂತನ್ನು ಪ್ಲಗ್ ಹಾಕಿ ಮುಚ್ಚಿರಲಿಲ್ಲ ಎಂದು ಅರ್ಥ. ಗದ್ದೆ ಕೆಲಸ ಮುಗಿದ ಮೇಲೆ ಪ್ಲಗ್ ತೆಗೆಯಲು ಮರೆತರೆ ಸೋರಿದ ಆಯಿಲ್ ಒಳಗೇ ನಿಂತು ಪ್ಲೇಟನ್ನು ನೆನೆಸುತ್ತದೆ. ಏನೂ ಸೋರದೆ, ಏರಿನಲ್ಲಿ ಎಂಜಿನ್ ಮಾತ್ರ ಕೂಗಿ ಗಾಡಿ ನಿಂತಲ್ಲೇ ನಿಂತರೆ ಪ್ಲೇಟ್ ಸವೆದಿರುವ ಸಂಶಯ. ಆಗಲೂ ಮೊದಲು ಪೆಡಲಿನ ಸಡಿಲ ಅಳೆದು, ಸರಿಮಾಡಿ ನೋಡಬೇಕು. ಎಷ್ಟೋ ಸಲ ಗಾಡಿ ಬಿಚ್ಚುವ ಕೆಲಸ ಅಲ್ಲಿಗೇ ತಪ್ಪುತ್ತದೆ.

ಬಿಚ್ಚಲೇಬೇಕಾದಾಗ ಗಟ್ಟಿಯಾದ ಸಮ ನೆಲ ಬೇಕು. ಕರಿಮಣ್ಣಿನ ಹೊಲದಲ್ಲಿ ಜಾಕ್ ಇಟ್ಟರೆ ಜಾಕೇ ಇಳಿದುಹೋಗುತ್ತದೆ. ಸಿಮೆಂಟ್ ನೆಲ ಇಲ್ಲದ ಕಡೆ ದಪ್ಪ ಹಲಗೆ ಹಾಸಬೇಕು. ಹಿಂದಿನ ಗಾಲಿಗಳಿಗೆ ಎರಡೂ ಕಡೆ ಅಡ್ಡೆ ಕೊಟ್ಟ ಮೇಲೆ ಮುಂದಿನ ಆಕ್ಸಲ್ಲಿಗೆ ಬೆಣೆ ಹೊಡೆಯಬೇಕು. ಇದು ಟ್ರ್ಯಾಕ್ಟರಿಗೇ ವಿಶೇಷವಾದ, ಜೀವ ಉಳಿಸುವ ಹೆಜ್ಜೆ. ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ ನಡುವಿನ ಒಂದು ಪಿನ್ನಿನ ಮೇಲೆ ಎಡಬಲ ತೂಗಾಡುವಂತೆ ಇರುತ್ತದೆ. ಉಬ್ಬುತಗ್ಗಿನ ಹೊಲದಲ್ಲಿ ನಾಲ್ಕೂ ಗಾಲಿ ನೆಲ ಹಿಡಿದಿರಲಿ ಎಂದು ಹಾಗೆ ಮಾಡಿರುವುದು. ಹಿಂದಿನ ಅರ್ಧ ಬೇರೆಯಾದ ಕ್ಷಣದಿಂದ ಎಂಜಿನ್ನನ್ನು ನೆಟ್ಟಗೆ ಹಿಡಿಯಲು ಏನೂ ಉಳಿಯುವುದಿಲ್ಲ, ಅದು ಪಕ್ಕಕ್ಕೆ ಹೊರಳುತ್ತದೆ. ಆದ್ದರಿಂದ ಆಕ್ಸಲ್ಲಿಗೂ ಅದರ ಮೇಲಿನ ಎರಕಕ್ಕೂ ನಡುವೆ ಎರಡೂ ಬದಿ ಗಟ್ಟಿ ಕಟ್ಟಿಗೆಯ ಬೆಣೆ ಬಿಗಿಯಾಗಿ ಕೂರಬೇಕು. ಜಾಲಿಯ ಕಟ್ಟಿಗೆ ಇದಕ್ಕೆ ಹೇಳಿ ಮಾಡಿಸಿದ್ದು. ಹಿಂದಿನ ಅರ್ಧದ ಪಾಡು ಬೇರೆ. ಅದಕ್ಕಿರುವುದು ಎರಡೇ ದೊಡ್ಡ ಗಾಲಿ. ಎತ್ತು ಬಿಟ್ಟ ಚಕ್ಕಡಿಯ ಮೂಕಿ ನೆಲಕ್ಕೆ ಬೀಳುವ ಹಾಗೆ ಗೇರ್‌ಬಾಕ್ಸಿನ ಮೂತಿ ಕುಸಿಯುತ್ತದೆ. ಅದರ ಕೆಳಗೆ ಜಾಕ್ ಒಂದನ್ನೇ ನಂಬದೆ ಉಕ್ಕಿನ ಸ್ಟ್ಯಾಂಡ್ ಕೊಡಬೇಕು. ಹಿಂದೆ ನೇಗಿಲೋ ರೋಟವೇಟರೋ ಕಟ್ಟಿದ್ದರೆ ಮೊದಲೇ ಕಳಚಬೇಕು. 1,700 ಕಿಲೋ ಆಸುಪಾಸಿನ ಗಾಡಿಯನ್ನು ನಡುವೆ ಬಿಡಿಸುವಾಗ ಭಾರದ ಲೆಕ್ಕ ತಪ್ಪಬಾರದು.

ಆಮೇಲಿನ ಕೆಲಸ ಕಾರಿನದಕ್ಕಿಂತ ಸರಳ. ಬಾನೆಟ್, ಬ್ಯಾಟರಿ, ಎಂಜಿನ್ ಮೇಲೆ ಕೂತ ಮಾದರಿಯಾದರೆ ಡೀಸೆಲ್ ಟ್ಯಾಂಕ್, ಸ್ಟೀರಿಂಗಿನ ಸಲಾಕೆ, ಸ್ಟಾರ್ಟರ್ ಮೋಟಾರ್, ವೈರಿಂಗ್, ಆಕ್ಸಿಲರೇಟರಿನ ಕೊಂಡಿ, ಕಾಲಿಡುವ ತಗಡು ತೆಗೆಯಬೇಕು. ಹೈಡ್ರಾಲಿಕ್ ಪಂಪ್ ಎಂಜಿನ್ನಿಗೆ ಅಂಟಿಕೊಂಡಿರುವ ಮಾದರಿಗಳಲ್ಲಿ ಅದರ ಪೈಪುಗಳನ್ನೂ ಬಿಡಿಸಬೇಕು. ಫರ್ಗ್ಯುಸನ್ ಪದ್ಧತಿಯಲ್ಲಿ ಪಂಪ್ ಹಿಂದೆ, ಹೌಸಿಂಗಿನ ಒಳಗೇ ಇರುವುದರಿಂದ ಆ ಕೆಲಸ ಉಳಿಯಿತು. ಹೌಸಿಂಗ್ ಸುತ್ತಿನ ಬೋಲ್ಟುಗಳು ಬಂದ ಮೇಲೆ ಮುಂದಿನ ಅರ್ಧವನ್ನು ಅದರದೇ ಗಾಲಿಗಳ ಮೇಲೆ, ಎಂಜಿನ್ ಸಂಪಿನ ಕೆಳಗೆ ಗಾಲಿಜಾಕ್ ಇಟ್ಟು, ಮೆಲ್ಲಗೆ ಮುಂದಕ್ಕೆ ದೂಡುತ್ತಾರೆ. ಸಂದು ಬಿಡದಿದ್ದರೆ ಹಾರೆಯಿಂದ ಮೀಟುವ ಆಸೆ ಬರುತ್ತದೆ. ಅದಕ್ಕೂ ಮುಂಚೆ ಮರೆತ ಬೋಲ್ಟ್ ಎಲ್ಲಿದೆ ಎಂದು ಹುಡುಕುವುದು ಲೇಸು. ಬೀಡಿನ ಎರಕ ಬಾಗುವುದಿಲ್ಲ, ಒಡೆಯುತ್ತದೆ.

ಒಳಗೆ ಕಂಡದ್ದು, ಲೇತಿನಲ್ಲಿ ಸರಿಪಡಿಸಿದ್ದು

ಬಿಚ್ಚಿದ ಮೇಲೆ ಮೊದಲು ಕಾಣುವುದು ಕಪ್ಪು ಹುಡಿ. ಹಳೆಯ ಕ್ಲಚ್ ಪ್ಲೇಟುಗಳ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದನ್ನು ಕಂಪ್ರೆಸರ್ ಗಾಳಿಯಿಂದ ಊದಿ ಉಸಿರಿಗೆ ಎಳೆದುಕೊಳ್ಳುವುದು ಗ್ಯಾರೇಜುಗಳ ಕೆಟ್ಟ ಚಾಳಿ, ಒದ್ದೆ ಬಟ್ಟೆಯಿಂದ ಒರೆಸಬೇಕು. ಫ್ಲೈವೀಲ್ ಮೇಲೆ ನೀಲಿ ಕಲೆ, ಕೂದಲೆಳೆಯ ಬಿರುಕು, ರಿವೆಟ್ ಕೊರೆದ ಉಂಗುರದ ಗೆರೆ ಇದ್ದರೆ ಲೇತಿಗೆ ಹಾಕಿ ಮುಖ ಸವರಿಸಬೇಕು. ರಿಂಗ್ ಗೇರಿನ ಹಲ್ಲು, ಪೈಲಟ್ ಬೇರಿಂಗ್, ಕ್ರ್ಯಾಂಕಿನ ಸೀಲ್, ಕ್ಲಚ್ ಫಿಂಗರುಗಳ ತುದಿ ಎಲ್ಲವನ್ನೂ ಇದೇ ಸಂದರ್ಭದಲ್ಲಿ ನೋಡಿಬಿಡಬೇಕು. ಸೀಲಿನ ಬೆಲೆ ಕೆಲವೇ ನೂರು, ಅದಕ್ಕಾಗಿ ಇನ್ನೊಮ್ಮೆ ಗಾಡಿ ಬಿಚ್ಚುವ ಕೂಲಿ ಅದರ ಎಷ್ಟೋ ಪಟ್ಟು. ಪ್ಲೇಟ್ ಮಾತ್ರ ಬದಲಿಸಿ ಉಳಿದದ್ದಕ್ಕೆ ಕೈಮುಗಿಯುವ ಮಾಲೀಕರು ಎರಡನೇ ಸಲ ಬರುವುದು ಅದಕ್ಕೇ.

ಲೇತಿನ ವಿಷಯದಲ್ಲಿ ಈ ಸೀಮೆ ಭಾಗ್ಯಶಾಲಿ. ತುಂಗಭದ್ರೆಯ ಆಚೆಯ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶಕ್ಕೆಲ್ಲ ಲೇತ್ ಯಂತ್ರಗಳನ್ನು ಕೊಟ್ಟಿತು. ಕಾರ್ಖಾನೆ ಬಾಗಿಲು ಹಾಕಿತು, ಆದರೆ ಅದು ಬೆಳೆಸಿದ ಕುಶಲತೆ ಈ ಭಾಗದ ಊರುಗಳಿಂದ ಹೋಗಲಿಲ್ಲ. ನದಿಯ ಈಚೆ ದಡದ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಫಿಟ್ಟರ್, ಟರ್ನರ್ ಕೆಲಸ ಕಲಿತವರಿಗೆ ದೊಡ್ಡ ಆಸರೆಯಾಯಿತು. ರಾಣೆಬೆನ್ನೂರು, ಹರಿಹರ, ದಾವಣಗೆರೆಯ ಹೆದ್ದಾರಿ ಬದಿಯಲ್ಲಿ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಫ್ಲೈವೀಲ್ ಫೇಸಿಂಗ್ ಮಾಡಿಕೊಡುವ ಅಂಗಡಿ ಸಿಗದೆ ಗಾಡಿ ನಿಲ್ಲುವ ಪ್ರಸಂಗ ಕಡಿಮೆ. ವಿದೇಶದ ಸ್ಪೋರ್ಟ್ಸ್ ಕಾರು ಸಾಕುವವರು ಇಂಥ ಕೆಲಸಕ್ಕೆ ವಾರಗಟ್ಟಲೆ ಸರದಿ ಕಾಯುವುದನ್ನು ನೋಡಿದರೆ ನಮ್ಮ ಟ್ರ್ಯಾಕ್ಟರ್ ಮಾಲೀಕನೇ ಸುಖಿ.

ಮರಳಿ ಕೂಡಿಸುವುದು

ಪ್ಲೇಟನ್ನು ಫ್ಲೈವೀಲಿಗೆ ಕಟ್ಟುವಾಗ ಅದರ ನಡುಭಾಗ ಪೈಲಟ್ ಬೇರಿಂಗಿನ ನೇರಕ್ಕೆ ಇರಬೇಕು. ಇದಕ್ಕೆ ಹಳೆಯ ಇನ್‌ಪುಟ್ ಶಾಫ್ಟಿನ ತುಂಡೇ ಒಳ್ಳೆಯ ಉಪಕರಣ. ಅದನ್ನು ತೂರಿಸಿಟ್ಟು ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾರೆ. ಹಿಂದೆ ಕಟ್ಟಿದ ಯಂತ್ರ ಓಡಿಸುವ ಪಿಟಿಒ ಶಾಫ್ಟಿಗೆ ಬೇರೆ, ಗಾಲಿಗೆ ಬೇರೆ ಪ್ಲೇಟ್ ಇರುವ ಜೋಡಿ ಕ್ಲಚ್ಚಿನಲ್ಲಿ ಒಂದು ಟೊಳ್ಳು ಶಾಫ್ಟಿನೊಳಗೆ ಇನ್ನೊಂದು ಶಾಫ್ಟ್ ಇದ್ದು ಎರಡು ಸಾಲು ಹಲ್ಲು ಒಟ್ಟಿಗೆ ಕೂಡಬೇಕು. ಫಿಂಗರುಗಳ ಎತ್ತರವನ್ನೂ ಕಂಪನಿ ಹೇಳಿದ ಅಳತೆಗೆ ಈಗಲೇ ಸರಿಮಾಡಬೇಕು. ಆಮೇಲೆ ಕೈ ತೂರಿಸುವ ಕಿಂಡಿ ಇದ್ದರೂ ಸುಖವಿಲ್ಲ.

ಎರಡು ಹೋಳುಗಳನ್ನು ಎದುರುಬದುರು ತರುವಾಗ ಎರಡು ಉದ್ದ ಬೋಲ್ಟುಗಳ ತಲೆ ಕತ್ತರಿಸಿ ಹೌಸಿಂಗಿಗೆ ಕೂರಿಸಿದರೆ ಅವೇ ದಾರಿ ತೋರುತ್ತವೆ. ಗೇರ್ ಹಾಕಿಟ್ಟು ಒಬ್ಬ ಹಿಂದಿನ ಪಿಟಿಒ ಶಾಫ್ಟನ್ನೋ ಮುಂದಿನ ಕ್ರ್ಯಾಂಕ್ ಪುಲ್ಲಿಯನ್ನೋ ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತ ಹೋದರೆ ಹಲ್ಲು ಹಲ್ಲಿಗೆ ಸಿಕ್ಕಿ ಜೋಡಿ ತಾನಾಗಿ ಒಳಸರಿಯುತ್ತದೆ. ಎರಡು ಮುಖಗಳ ನಡುವಿನ ಸಂದು ಸುತ್ತಲೂ ಒಂದೇ ಸಮ ಇರಬೇಕು. ಸಂದು ಪೂರ್ತಿ ಮುಚ್ಚುವ ಮೊದಲೇ ಬೋಲ್ಟು ಬಿಗಿದು ಎಳೆದುಕೊಳ್ಳುವುದು ಈ ಇಡೀ ಕೆಲಸದ ಅತಿ ದುಬಾರಿ ತಪ್ಪು. ಹಲ್ಲು ಕೂಡದೆ ಇದ್ದರೆ ಬೋಲ್ಟಿನ ಬಲ ಪ್ಲೇಟನ್ನು ಹರಿಯುತ್ತದೆ, ಇಲ್ಲವೇ ಹೌಸಿಂಗಿನ ಕಿವಿ ಮುರಿಯುತ್ತದೆ. ಇದರಲ್ಲಿ ಪೋರ್ಷೆಗೂ ಮ್ಯಾಸಿಗೂ ಭೇದವಿಲ್ಲ.

ಕೂಡಿಸಿದ ಮೇಲೆ ಡೀಸೆಲ್ ಪೈಪಿನ ಗಾಳಿ ತೆಗೆಯಬೇಕು, ಆಯಿಲ್ ತುಂಬಬೇಕು, ಪೆಡಲಿನ ಸಡಿಲ ಅಳೆಯಬೇಕು. ಬೆಣೆ ತೆಗೆಯುವುದು ಎಲ್ಲ ಬೋಲ್ಟುಗಳೂ ಬಿಗಿಯಾದ ಮೇಲೆಯೇ. ಮೊದಲ ಕೆಲವು ತಾಸು ಹಗುರ ಕೆಲಸ ಮಾಡಿಸಿ ಹೌಸಿಂಗ್ ಬೋಲ್ಟುಗಳನ್ನು ಇನ್ನೊಮ್ಮೆ ನೋಡಬೇಕು. ಚಾಸಿಸ್ ಇಲ್ಲದ ಗಾಡಿಯಲ್ಲಿ ಆ ಬೋಲ್ಟುಗಳೇ ಚಾಸಿಸ್.

ನಂಬರು ಮತ್ತು ದಾಖಲೆ

ತನ್ನದೇ ಎಂಜಿನ್ ದುರಸ್ತಿಯಾಗಿ ಮರಳಿ ಕೂತರೆ ಕಾಗದಪತ್ರದ ಕೆಲಸವಿಲ್ಲ. ಬೇರೆ ಎಂಜಿನ್ ಅಥವಾ ಬೇರೆ ಬ್ಲಾಕ್ ಹಾಕಿದರೆ ಎಂಜಿನ್ ನಂಬರು ಬದಲಾಗುತ್ತದೆ. ಅದನ್ನು ನೋಂದಣಿ ಪುಸ್ತಕದಲ್ಲಿ ತಿದ್ದಿಸಬೇಕು. ಹಾವೇರಿಯ ಕೆಎ-27, ರಾಣೆಬೆನ್ನೂರಿನ ಕೆಎ-68 ಕಚೇರಿಗಳ ವ್ಯಾಪ್ತಿಯ ಗಾಡಿಗಳಿಗೂ ಇದೇ ನಿಯಮ. ಹಳೆಯ ಕಾರು ಸಾಕುವವರಿಗೆ ಮೂಲ ಎಂಜಿನ್ ಉಳಿದಿದೆಯೇ ಎಂಬುದು ಬೆಲೆಯ ಪ್ರಶ್ನೆಯೂ ಹೌದು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಮತ್ತು ಮೂಲರೂಪ ಹೆಚ್ಚು ಕೆಡದ ವಾಹನಗಳು ವಿಂಟೇಜ್ ಎನಿಸಿಕೊಂಡು ‘ವಿಎ’ ಅಕ್ಷರಗಳಿರುವ ನಂಬರು ಪಡೆಯಬಹುದು. ಆ ನೋಂದಣಿ 10 ವರ್ಷ ನಡೆಯುತ್ತದೆ. ಧರ್ಮಸ್ಥಳದ ಕಾರು ಸಂಗ್ರಹದಲ್ಲಿ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ಹಳೆಯ ಕಾರುಗಳನ್ನು ನೋಡಿದವರಿಗೆ ಮೂಲರೂಪ ಕಾಯುವುದು ಎಂಥ ಶ್ರಮದ ಕೆಲಸ ಎಂಬ ಅಂದಾಜು ಸಿಗುತ್ತದೆ.

ಟ್ರ್ಯಾಕ್ಟರಿನಲ್ಲಿ ಇನ್ನೊಂದು ತೊಡಕಿದೆ. ಕಾರಿನ ಚಾಸಿಸ್ ನಂಬರು ಮೈಯ ಮೇಲೋ ಚೌಕಟ್ಟಿನ ಮೇಲೋ ಇರುತ್ತದೆ, ಎಂಜಿನ್ ಗೇರ್‌ಬಾಕ್ಸ್ ಎರಡೂ ಹೋದರೂ ಕಾರು ಅದೇ ಕಾರು. ಚೌಕಟ್ಟೇ ಇಲ್ಲದ ಟ್ರ್ಯಾಕ್ಟರಿನಲ್ಲಿ ಹಲವು ಮಾದರಿಗಳಿಗೆ ಆ ನಂಬರನ್ನು ಎರಕದ ಹೌಸಿಂಗಿನ ಮೇಲೆಯೇ ಕೊರೆದಿರುತ್ತಾರೆ. ಬಿಚ್ಚುವಾಗ ಆ ಹೌಸಿಂಗ್ ಒಡೆದು, ಗುಜರಿಯಿಂದ ತಂದ ಇನ್ನೊಂದನ್ನು ಹಾಕಿದರೆ ಗಾಡಿಯ ಮೇಲೆ ಬೇರೊಂದು ಟ್ರ್ಯಾಕ್ಟರಿನ ನಂಬರು ಕೂತಂತೆ. ಮಾರುವಾಗ, ವಿಮೆ ಕೇಳುವಾಗ, ಸಾಲಕ್ಕೆ ಅಡವಿಡುವಾಗ ಅದು ಬಯಲಿಗೆ ಬರುತ್ತದೆ. ಆದ್ದರಿಂದ ಹೌಸಿಂಗ್ ಬದಲಿಸುವ ಮೊದಲೇ ಆರ್‌ಟಿಒ ಕಚೇರಿಗೆ ಅರ್ಜಿ ಕೊಟ್ಟು, ಹಳೆಯ ಎರಕದ ನಂಬರಿರುವ ಭಾಗವನ್ನು ಗುಜರಿಗೆ ಹಾಕದೆ ತೋರಿಸಲು ಇಟ್ಟುಕೊಳ್ಳುವುದು ಸರಿಯಾದ ದಾರಿ.